ಹಳೇ ಗ್ವಾಡಿಗೆ ಹೊಸದನ್ನು ಬಿಗಿದ ತಪ್ಪು

ನಾನು ಧಾರವಾಡದವನು, ಕಟ್ಟಡದ ಕೆಲಸ ಕಲಿತದ್ದೂ ಅಲ್ಲೇ. ನಾನು ಕೆಲಸ ಮಾಡಿದ ಗುಡ್ಡದ ಕಡೆ ಮೂರು ಅಡಿ ಅಗೆದರೆ ಗಟ್ಟಿ ಗರಸು ಸಿಗುತ್ತಿತ್ತು. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಗದಗ-ಬೆಟಗೇರಿಗೆ ಹೋದೆ.

ನೇಕಾರರ ಹಳೇ ಮನೆ. ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗ್ವಾಡಿ, ಮಣ್ಣಿನ ಮಾಳಿಗಿ (ಮಟ್ಟಸ ಛಾವಣಿ), ನಡುಮನೆಗೆ ಬೆಳಕಿಂಡಿಯೊಂದೇ ಬೆಳಕು. ಪಡಸಾಲಿಯಲ್ಲಿ ಮಗ್ಗ ಹೋಗಿ, ನೇಕಾರ ಕಾಲು ಇಳಿಬಿಟ್ಟು ಕೂರುವ ಅದರ ಕುಣಿ (ಗುಂಡಿ) ಮಾತ್ರ ಉಳಿದಿತ್ತು, ಮೇಲೆ ಹಲಗೆ ಮುಚ್ಚಿದ್ದರು. ಮಗನಿಗೆ ಹಿತ್ತಲ ಕಡೆ ಹೊಸ ಅಡುಗೆಮನೆ, ಬಚ್ಚಲು ಬೇಕಿತ್ತು. ತಾಯಿಯದು ಒಂದೇ ಮಾತು: "ಮಾಳಿಗಿ ಮಾತ್ರ ಕೆಡವಬ್ಯಾಡ್ರಿ. ಬ್ಯಾಸಗ್ಯಾಗ ಅದರಷ್ಟು ತಂಪು ಎಲ್ಲೈತಿ?"

ಮಾಳಿಗಿ ಕೆಡವಲಿಲ್ಲ. ಆದರೆ ಹೊಸದು ಬಿಗಿಯಾಗಿ ನಿಲ್ಲಲೆಂದು ಹಳೇ ಗ್ವಾಡಿ ಕೊರೆಸಿ ರಾಡು ತೂರಿಸಿದೆ, ಮೂಲೆಗಲ್ಲು ಕಿತ್ತು ಇಟ್ಟಂಗಿ ಕೂಡಿಸಿದೆ. ಸಿಮೆಂಟ್ ಗಿಲಾವ್ (ಪ್ಲಾಸ್ಟರ್) ಆದ ಮೇಲೆ ಜೋಡು ಎಲ್ಲಿದೆ ಅಂತ ಹುಡುಕಬೇಕಿತ್ತು. ಸುಳ್ಳೇಕೆ, ಫೋಟೊ ತೆಗೆದು ನಾಲ್ಕು ಜನಕ್ಕೆ ಕಳಿಸಿದ್ದೆ.

ದೀಪಾವಳಿಗೆ ಕೆಲಸ ಮುಗಿಯಿತು, ಏಪ್ರಿಲ್‌ನಲ್ಲಿ ಫೋನ್ ಬಂತು. ಕೂಡುಮೂಲೆಯಲ್ಲಿ ಬಿರುಕು, ಮೇಲುಗಡೆ ಪೆನ್ಸಿಲ್ ಆರಾಮಾಗಿ ಒಳಗೆ ಹೋಯಿತು. ಹೊಸ ಗ್ವಾಡಿಗೆ ಏನೂ ಆಗಿರಲಿಲ್ಲ. ರಾಡು ಹಿಡಿದಲ್ಲೆಲ್ಲ ಹಳೇ ಗ್ವಾಡಿಯ ಮಣ್ಣು ಉದುರಿ, ಕಲ್ಲು ಹೊರಗೆ ಜಗ್ಗಿಕೊಂಡು ಬಂದಿದ್ದವು.

ಅದೇ ಓಣಿಯ ಮುದುಕ ಗೌಂಡಿಯೊಬ್ಬರನ್ನು ಕರೆಸಿದೆ. ಬಿರುಕಿನ ಕಡೆ ಅವರು ನೋಡಲೇ ಇಲ್ಲ. ಮಗ್ಗದ ಕುಣಿಯ ಹಲಗೆ ಸರಿಸಿ ನನ್ನನ್ನು ಇಳಿಸಿದರು. ಒಂದು ಬದಿ ಮೆತ್ತಿದ್ದೆಲ್ಲ ಉದುರಿ ಎರೆಮಣ್ಣು ಕಾಣುತ್ತಿತ್ತು, ಒಂದು ಸೀಳೂ ಇಲ್ಲ. ಆಮೇಲೆ ಹಿತ್ತಲಿಗೆ ಕರೆದೊಯ್ದು ನೆಲದ ಬಿರುಕಿನಲ್ಲಿ ಅಳತೆಪಟ್ಟಿ ಇಳಿಬಿಟ್ಟರು. ಒಂದೂವರೆ ಅಡಿ ಹೋಯಿತು.

"ಮನಿ ಕೆಳಗಿನ ಎರಿ ಮಲಗೇತ್ರಿ ಸಾಹೇಬ್ರ. ಹೊರಗಿಂದು ಇನ್ನೂ ಉಸಿರಾಡಾಕ ಹತ್ತೇತಿ. ಎರಡೂ ಒಂದ ಹಗ್ಗಕ್ಕ ಕಟ್ಟೀರಿ."

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ ಅನ್ನೋದು ಓದಿದ್ದೇ. ಮಾಳಿಗಿ ನೆರಳಲ್ಲಿ ಮಳೆ-ಬಿಸಿಲು ತಾಗದೆ ಒಳಗಿನ ಮಣ್ಣಿನ ಪಸೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನನ್ನ ಮೂರಡಿ ಪಾಯಾ ನಿಂತದ್ದು ಏರಿಳಿಯುವ ಪದರದಲ್ಲಿ. ಮಣ್ಣು ನೋಡಲು ಗುಂಡಿ ತೋಡಿಸದೆ ಬಿಟ್ಟಿದ್ದೆ. ಅರ್ಧ ಉತ್ತರ ಪಡಸಾಲಿಯಲ್ಲೇ ಹಲಗೆ ಹೊದ್ದುಕೊಂಡು ಕೂತಿತ್ತು.

ರಾಡೆಲ್ಲ ಕತ್ತರಿಸಿದೆವು. ಕಿತ್ತ ಕಲ್ಲು ಮತ್ತೆ ಮಣ್ಣಲ್ಲೇ ಕೂಡಿಸಿ ಸುಣ್ಣದ ಗಿಲಾವ್ ಮಾಡಿದೆವು. ಎರಡು ಗ್ವಾಡಿಗಳ ನಡುವೆ ಒಂದಿಂಚು ಸಂದು, ಒಳಗೆ ಥರ್ಮಾಕೋಲ್, ಮೇಲೆ ಕಟ್ಟಿಗೆ ಪಟ್ಟಿ, ಅದಕ್ಕೆ ಮೊಳೆ ಹಳೇ ಗ್ವಾಡಿ ಕಡೆ ಮಾತ್ರ. ಮಾಳಿಗಿ ಜೋಡಿಗೆ ತಗಡು. ಹೊಸ ಕೋಣೆಯ ಸುತ್ತ ಗರಸು ತುಂಬಿ ಮೂರಡಿ ಅಗಲ ಇಳಿಜಾರು ಫರಸಿ ಹಾಸಿ, ಬಚ್ಚಲ ನೀರು ಗಟಾರಕ್ಕೆ ತಿರುಗಿಸಿದೆವು. ಖರ್ಚು ನನ್ನ ಕಿಸೆಯದೇ.

ಪಟ್ಟಿಯ ಅಂಚಿಗೆ ಹೊಸ ಗ್ವಾಡಿ ಮೇಲೆ ಪೆನ್ಸಿಲ್ ಗೆರೆ ಎಳೆದು ಬಂದಿದ್ದೆ. ಮರುವರ್ಷ ಮೇ ತಿಂಗಳಲ್ಲಿ ಆ ತಾಯಿ ಫೋನ್ ಮಾಡಿದರು: "ನಿಮ್ಮ ಗೆರಿ ಎರಡು ಸೂತ, ಅಂದ್ರ ಕಾಲಿಂಚು, ಸರದೈತಿ ನೋಡ್ರಿ. ಗ್ವಾಡಿ ಆರಾಮ ಐತಿ."