ಮಡಿಕೇರಿಗೆ ನಾಯಿ ಜೊತೆ ಹೊರಟಿದ್ದೀರಾ? ರೂಮ್ ಬುಕ್ ಮಾಡೋ ಮುಂಚೆ ಇದನ್ನೊಮ್ಮೆ ಓದಿ

ರಾತ್ರಿ ಹನ್ನೊಂದೂವರೆ. ಲೈಟ್ ಆರಿಸೋಣ ಅಂತ ಕೈ ಚಾಚಿದೆ. ಸ್ವಿಚ್‌ಬೋರ್ಡ್ ಪಕ್ಕದ ಗೋಡೆ ಮೇಲೆ ಎಳ್ಳುಕಾಳಿನಷ್ಟು ಒಂದು ಕಂದು ಚುಕ್ಕೆ ಮೆಲ್ಲಗೆ ಮೇಲಕ್ಕೆ ಹತ್ತುತ್ತಿತ್ತು. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಉಣ್ಣೆ, ನಾಯಿ ರಕ್ತ ಹೀರೋ ಹುಳ. ಅದರ ಮೇಲೊಂದು. ಕೆಳಗೆ ಗೋಡೆ ಟೈಲ್ಸ್ ಸಂದಿಯಲ್ಲಿ ಇನ್ನೂ ನಾಲ್ಕೈದು. ರಾತ್ರಿಗೆ 5,500 ರೂಪಾಯಿ ಬಾಡಿಗೆ, ನಾಯಿಗೆ ಅಂತ ಬೇರೆ 1,500 ಕೊಟ್ಟ ರೂಮ್ ಅದು. ವೆಬ್‌ಸೈಟಿನಲ್ಲಿ ಹಸಿರು ಲಾನ್ ಮೇಲೆ ಗೋಲ್ಡನ್ ರಿಟ್ರೀವರ್ ಒಂದು ನಾಲಿಗೆ ಚಾಚಿಕೊಂಡು ಕೂತಿರೋ ಫೋಟೋ ಬೇರೆ ಹಾಕಿದ್ದಾರೆ.

ನಮ್ಮದು ಗೋಲ್ಡನ್ ರಿಟ್ರೀವರ್ ಅಲ್ಲ. ಹೆಸರು ಬೆಲ್ಲ. ಬಣ್ಣವೂ ಅದೇ, ಅಚ್ಚು ಬೆಲ್ಲದ್ದು. ಮೂರು ವರ್ಷದ ನಾಟಿ ನಾಯಿ, 17 ಕೆಜಿ, ನಮ್ಮ ರಸ್ತೆಯ ಮೋರಿ ಪಕ್ಕ ಸಿಕ್ಕಿದವಳು. ಐದಾರು ವರ್ಷದ ಹಿಂದೆ ಮಡಿಕೇರಿ ಕಡೆ ಎಲ್ಲಿಗೆ ಫೋನ್ ಮಾಡಿ "ಜೊತೆಗೆ ನಾಯಿ ಇದೆ" ಅಂದರೂ ಅಲ್ಲಿಗೇ ಮಾತು ಮುಗಿಯುತ್ತಿತ್ತು. ಲಾಕ್‌ಡೌನ್ ಆದಮೇಲೆ ನಮ್ಮ ಪರಿಚಯದವರ ಮನೆಗಳಲ್ಲೇ ಎಷ್ಟೊಂದು ನಾಯಿಗಳಾದವು. ಅವನ್ನು ಬಿಟ್ಟು ಹೋಗೋಕೆ ಜನ ಒಪ್ಪಲ್ಲ. ಈಗ ನೋಡಿದರೆ ಲಾಡ್ಜು, ರೆಸಾರ್ಟು, ಹೋಂಸ್ಟೇ ಎಲ್ಲರೂ 'ಪೆಟ್ ಫ್ರೆಂಡ್ಲಿ'. ನಾನೂ ಖುಷಿಪಟ್ಟೆ. ಆದರೆ ಆ ಎರಡು ಪದದ ಅರ್ಥ ಗೇಟಿನ ಒಳಗೆ ಬಿಡ್ತೀವಿ ಅಂತ ಮಾತ್ರ. ಒಳಗೆ ಹೋದಮೇಲೆ ಎಲ್ಲಿ ಮಲಗಬೇಕು, ಎಲ್ಲಿ ಓಡಾಡಬೇಕು, ನೀವು ಊಟ ಎಲ್ಲಿ ಮಾಡಬೇಕು ಅನ್ನೋದು ನೀವು ಕೇಳದಿದ್ದರೆ ಅವರಾಗಿ ಹೇಳಲ್ಲ.

ಮೊದಲು ಬಸ್ಸಿನ ಕಥೆ. ನಮ್ಮ ಹತ್ತಿರ ಕಾರ್ ಇಲ್ಲ, ಕೊಡಗಿಗೆ ರೈಲೇ ಇಲ್ಲ. ಒಂದು ಖಾಸಗಿ ಸ್ಲೀಪರ್ ಬಸ್ಸಿನ ಏಜೆಂಟಿಗೆ ಎರಡು ಸಲ ಫೋನ್ ಮಾಡಿ ಕೇಳಿದ್ದೆ, "ನಾಯಿ ತರಬಹುದು ಮೇಡಂ, ಏನೂ ತೊಂದರೆ ಇಲ್ಲ" ಅಂದಿದ್ದ. ರಾತ್ರಿ ಬಸ್ ಬಂತು. ಕ್ಲೀನರ್ ಹುಡುಗ ಬೆಲ್ಲಳನ್ನು ನೋಡಿ ಕೆಳಗಿನ ಡಿಕ್ಕಿ ಬಾಗಿಲು ತೆಗೆದ. ಸೂಟ್‌ಕೇಸು, ಯಾರದೋ ಅಕ್ಕಿ ಮೂಟೆ, ಪಕ್ಕದಲ್ಲೊಂದು ಚೂರು ಜಾಗ. "ಇಲ್ಲಿ ಹಾಕಿ, ಬೆಳಿಗ್ಗೆವರೆಗೂ ಮಲಗಿರುತ್ತೆ." ಗಾಳಿ ಇಲ್ಲ, ಬೆಳಕಿಲ್ಲ, ಮೇಲೆ ಎಂಜಿನ್ ಶಾಖ. ಡಿಕ್ಕಿಯಲ್ಲಿ ನಾಯಿ ಹಾಕೋದು ಅಂದರೆ ಕೊಲ್ಲೋದೇ, ದಯವಿಟ್ಟು ಯಾರೂ ಒಪ್ಪಬೇಡಿ. ನಾವು ವಾಪಸ್ ಮನೆಗೆ ಹೋದೆವು. ದುಡ್ಡು ಅರ್ಧ ಬಂತು, ಇನ್ನರ್ಧ ಬರುತ್ತೆ ಅಂತ ಹೇಳಿದ್ದಾರೆ. ಬರಲ್ಲ.

ಮಾರನೇ ಬೆಳಿಗ್ಗೆ ಬೆಂಗಳೂರಿನ ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಸರ್ಕಾರಿ ಕೆಂಪು ಬಸ್ ಹತ್ತಿದೆವು. ಕೆಎಸ್‌ಆರ್‌ಟಿಸಿ ನಿಯಮದಲ್ಲಿ ಮುಂಚೆ ನಾಯಿಗೆ ಪೂರ್ತಿ ಟಿಕೆಟ್ ಇತ್ತು, 2022ರಲ್ಲಿ ಅರ್ಧ ಮಾಡಿದರು. ಆದರೆ ಸಾಧಾರಣ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಹತ್ತಿಸಂಗಿಲ್ಲ. ಶಕ್ತಿ ಯೋಜನೆಯಲ್ಲಿ ನನ್ನದು ಸೊನ್ನೆ ಟಿಕೆಟ್, ನಮ್ಮೆಜಮಾನ್ರಿಗೆ ಪೂರ್ತಿ, ಬೆಲ್ಲಂಗೆ ಅರ್ಧ. "ಇವಳೂ ಹೆಣ್ಣೇ ಅಲ್ವಾ ಸರ್" ಅಂತ ನಮ್ಮವರು ಸುಮ್ನೆ ಒಂದು ಮಾತು ಹಾಕಿದರು. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಮುಖ ಕೂಡ ಎತ್ತದೆ, "ಆಧಾರ್ ಕಾರ್ಡ್ ತೋರಿಸ್ಲಿ, ಕೊಡ್ತೀನಿ" ಅಂದರು. ಹಿಂದಿನ ಸೀಟಿನ ಅಜ್ಜಿಯೊಬ್ಬರು ಮಂಡ್ಯದವರೆಗೂ ಅದನ್ನೇ ನೆನೆಸಿಕೊಂಡು ನಗುತ್ತಿದ್ದರು. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ-ಮೊಮ್ಮಗಳಿಗೆ ಫ್ರೀ ಟಿಕೆಟ್ ಕೊಟ್ಟು, ಅವರ ಪಂಜರದ ನಾಲ್ಕು ಲವ್‌ಬರ್ಡ್ಸ್‌ಗೆ ತಲಾ 111 ರೂಪಾಯಿಯಂತೆ 444 ರೂಪಾಯಿ ಹರಿದದ್ದು ನೆನಪಿದೆಯಲ್ಲ? ಟಿಕೆಟ್ ತಗೊಳ್ಳಿ, ವಾದ ಬೇಡ. ಹಿಂದಿನ ಕೊನೆ ಸೀಟು ಬೇಡ, ಕುಲುಕಾಟಕ್ಕೆ ನಾಯಿ ವಾಂತಿ ಮಾಡುತ್ತೆ. ಹೊರಡುವ ನಾಲ್ಕು ಗಂಟೆ ಮುಂಚೆಯಿಂದ ಊಟ ಹಾಕಬೇಡಿ, ನೀರು ಮಾತ್ರ ಆಗಾಗ ಸ್ವಲ್ಪ ಸ್ವಲ್ಪ ಕೊಡಿ. ಬಾಯಿಗೆ ಕಟ್ಟೋ ಪಟ್ಟಿ ಒಂದು ಕೈಯಲ್ಲಿರಲಿ, ಕಟ್ಟಬೇಕು ಅಂತೇನಿಲ್ಲ, ಅದನ್ನು ನೋಡಿದರೆ ಪಕ್ಕದವರಿಗೆ ಧೈರ್ಯ.

ಈಗ ರೆಸಾರ್ಟ್. ಹೆಸರು ಹೇಳಲ್ಲ. ಮಡಿಕೇರಿ ಊರಿನಿಂದ ಸ್ವಲ್ಪ ಆಚೆ, ಆಟೋಗೆ 300 ರೂಪಾಯಿ. ರಿಸೆಪ್ಷನ್ ಹುಡುಗ ಬೆಲ್ಲಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ, "ಯಾವ ಬ್ರೀಡ್ ಮೇಡಂ?" ನಾಟಿ ಅಂದೆ. "ಓ, ಬೀದಿ ನಾಯಿನಾ?" ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಗುಸುಗುಸು ಮಾತಾಡಿ ಬಂದ. ಅವಳ ಲಸಿಕೆ ಪುಸ್ತಕ ಕೇಳಲಿಲ್ಲ. ರೇಬೀಸ್ ಇಂಜೆಕ್ಷನ್ ಆಗಿದೆಯಾ ಅಂತ ಕೇಳಲಿಲ್ಲ. ಬ್ರೀಡ್ ಮಾತ್ರ ಬೇಕು. ಆಮೇಲೆ ಒಂದು ಹಾಳೆ ಕೊಟ್ಟು ಸೈನ್ ಮಾಡಿ ಅಂದ. ರಾತ್ರಿಗೆ 1,500, ಅದರ ಜೊತೆ ವಾಪಸ್ ಕೊಡೋ ಡೆಪಾಸಿಟ್ 5,000. ಇದ್ಯಾವುದೂ ಫೋನಿನಲ್ಲಿ ಹೇಳಿರಲಿಲ್ಲ.

ಹಾಳೆಯಲ್ಲಿ ಇನ್ನೆರಡು ಸಾಲು ಇತ್ತು. ನಾಯಿಯನ್ನು ಊಟದ ಹಾಲಿಗೆ ತರುವಂತಿಲ್ಲ. ನಾಯಿಯನ್ನು ರೂಮಿನಲ್ಲಿ ಒಂಟಿಯಾಗಿ ಬಿಡುವಂತಿಲ್ಲ. ಬೇರೆ ಬೇರೆ ಓದಿದರೆ ಎರಡೂ ಸರಿಯೇ. ಜೊತೆಗೆ ಓದಿ ನೋಡಿ. ರೂಮಿಗೇ ಊಟ ಕಳಿಸಿ ಅಂದರೆ ಬಫೆ ಪ್ಯಾಕೇಜಿನಲ್ಲಿ ಅದು ಬರಲ್ಲ, ಬೇರೆ ಬಿಲ್. ಕೊನೆಗೆ ಎರಡು ದಿನವೂ ನಮ್ಮವರು ಮೊದಲು ತಿಂದು ಬರೋದು, ಆಮೇಲೆ ನಾನು ಒಬ್ಬಳೇ ಹೋಗಿ ತಣ್ಣಗಾದ ಪಲಾವ್ ತಿನ್ನೋದು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹೋದ ಪ್ರವಾಸ ಇದು. ಇನ್ನು ಆ ಲಾನ್. ಫೋಟೋದಲ್ಲಿ ನಾಯಿ ಕೂತಿರೋ ಅದೇ ಲಾನ್. ಬೆಲ್ಲ ಅದರ ಮೇಲೆ ಕಾಲಿಟ್ಟಳೋ ಇಲ್ಲವೋ, ಸೆಕ್ಯುರಿಟಿ ಶಿಳ್ಳೆ ಊದಿಕೊಂಡು ಓಡಿ ಬಂದ. ನಾಯಿಗೆ ಜಾಗ ಹಿಂದೆ, ಜನರೇಟರ್ ಪಕ್ಕ. ನಮ್ಮ ರೂಮೂ ಅಲ್ಲೇ. ಮುಂದಿನ ಕಣಿವೆ ಕಾಣೋ ರೂಮುಗಳು ನಾಯಿ ಇಲ್ಲದವರಿಗೆ, ಬಾಡಿಗೆ ಎರಡಕ್ಕೂ ಒಂದೇ.

ಅವರ ಕಷ್ಟ ನನಗೆ ಅರ್ಥವಾಗಲ್ಲ ಅಂತಲ್ಲ. ಬಿಳಿ ಬೆಡ್‌ಶೀಟ್ ಮೇಲೆ ನಾಯಿ ಮಲಗಿಸಿ, ಟವೆಲಿನಲ್ಲಿ ಅದರ ಕಾಲೊರೆಸಿ, ಕಾರಿಡಾರಿನಲ್ಲಿ ಗಲೀಜು ಮಾಡಿಸಿ ಹಾಗೇ ಹೋಗೋರು ನಮ್ಮಲ್ಲೂ ಇದ್ದಾರೆ. ಮುಂದೆ ಬರೋರಿಗೆ ಕೂದಲಿನ ಅಲರ್ಜಿ ಇರಬಹುದು. ಕ್ಲೀನಿಂಗಿಗೆ ಅಂತ ಜಾಸ್ತಿ ತಗೊಳ್ಳಲಿ, ಕೊಡ್ತೀನಿ. ಆದರೆ ತಗೊಂಡ ಮೇಲೆ ಕ್ಲೀನ್ ಮಾಡಬೇಕಲ್ವಾ?

ಉಣ್ಣೆ ವಿಷಯಕ್ಕೆ ಬರ್ತೀನಿ, ಇದನ್ನು ಹಗುರವಾಗಿ ತಗೋಬೇಡಿ. ಆ ಕಂದು ಉಣ್ಣೆಗೆ ಕಾಡು, ಹುಲ್ಲು ಏನೂ ಬೇಡ. ಮನೆಯೊಳಗೇ ಹುಟ್ಟಿ ಬೆಳೆಯುತ್ತೆ. ರಕ್ತ ಕುಡಿದು ಉಬ್ಬಿದ ಹೆಣ್ಣು ನಾಯಿ ಮೈಯಿಂದ ಉದುರಿ, ಗೋಡೆ ಸಂದಿಯೋ ಮಂಚದ ಬಿರುಕೋ ಹುಡುಕಿಕೊಂಡು ಅಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತೆ. ಮರಿಗಳು ಮುಂದಿನ ನಾಯಿ ಬರೋವರೆಗೆ ತಿಂಗಳುಗಟ್ಟಲೆ ಹಸಿದುಕೊಂಡೇ ಕಾಯುತ್ತವೆ. ಅಂದರೆ ಮೂಲೆಯ ಒಂದೇ ರೂಮನ್ನು 'ನಾಯಿ ರೂಮ್' ಮಾಡಿ, ವಾರವಾರ ಹೊಸ ನಾಯಿ ತುಂಬಿ, ನೆಲಕ್ಕೆ ಫಿನಾಯಿಲ್ ಒರೆಸಿಬಿಟ್ಟರೆ ಅದು ಉಣ್ಣೆಗಳಿಗೆ ಹೋಂಸ್ಟೇ. ಬೆಲ್ಲಂಗೆ ಹೊರಡೋ ವಾರ ಮುಂಚೆಯೇ ಡಾಕ್ಟರ್ ಉಣ್ಣೆ ಮಾತ್ರೆ ಕೊಟ್ಟಿದ್ದರು, ಅದಕ್ಕೆ ಬಚಾವಾದಳು. ನೀವೂ ಅದನ್ನು ಮಾಡಿಸದೆ ಹೊರಡಬೇಡಿ. ರೂಮಿಗೆ ಹೋದ ತಕ್ಷಣ ಬ್ಯಾಗ್ ಇಳಿಸೋ ಮುಂಚೆ ಟಾರ್ಚ್ ಹಿಡಿದು ಮಂಚದ ಹಿಂದೆ, ಪರದೆ ಮಡಿಕೆ, ಟೈಲ್ಸ್ ಅಂಚು ನೋಡಿ. ಮೈಮೇಲೆ ಸಿಕ್ಕಿದರೆ ಬೆರಳಲ್ಲಿ ಹಿಸುಕಬೇಡಿ, ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಊರಿಗೆ ಬಂದಮೇಲೂ ಮೂರು ವಾರ ಗಮನ ಇರಲಿ. ಊಟ ಬಿಟ್ಟರೆ, ಜ್ವರ ಬಂದರೆ, ಮೂಗಲ್ಲಿ ರಕ್ತ ಕಂಡರೆ ಅದು ಉಣ್ಣೆ ಜ್ವರ ಇರಬಹುದು, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಆ ರಾತ್ರಿ ರೂಮ್ ಬದಲಾಯಿಸಿ ಅಂದರೆ "ಬೇರೆ ಪೆಟ್ ರೂಮ್ ಇಲ್ಲ" ಅಂದರು. ಚೆಕ್‌ಔಟ್ ದಿನ ಡೆಪಾಸಿಟ್‌ನಲ್ಲಿ 1,000 ಹಿಡಿದುಕೊಂಡರು, ಬಾಗಿಲು ಪರಚಿದೆಯಂತೆ. ಆ ಗೀರು ನನ್ನ ಸೊಂಟದೆತ್ತರದಲ್ಲಿ ಇತ್ತು, ಮೇಲೆ ಹಳೇ ಪಾಲಿಶ್ ಕೂಡ ಬಳಿದಿದ್ದರು. ಬೆಲ್ಲ ಪಾಲಿಶ್ ಹೊಡೆಯಲ್ಲ. ವಿಡಿಯೋ ಮಾಡಿಕೊಂಡಿರಲಿಲ್ಲ, ಅದು ನನ್ನ ತಪ್ಪು. ನೀವು ಒಳಗೆ ಕಾಲಿಡುವಾಗಲೇ ಬಾಗಿಲು, ಸೋಫಾ, ಹಾಸಿಗೆ ಎಲ್ಲಾ ಒಂದು ನಿಮಿಷದ ವಿಡಿಯೋ ಮಾಡಿ ಅವರ ವಾಟ್ಸಾಪಿಗೇ ಕಳಿಸಿಬಿಡಿ. ಬುಕ್ ಮಾಡುವಾಗಲೂ ಅಷ್ಟೇ, ಫೋನಿನ ಮಾತು ನೀರ ಮೇಲಿನ ಗುಳ್ಳೆ, ನಾಯಿಗೆ ಎಷ್ಟು, ಡೆಪಾಸಿಟ್ ಎಷ್ಟು, ಯಾವ ರೂಮ್, ಒಳಗೆ ಮಲಗಬಹುದಾ ಇಲ್ಲಾ ಗೂಡಲ್ಲಿ ಕಟ್ಟಬೇಕಾ, ನಾವು ಊಟ ಮಾಡುವಾಗ ಅದು ಎಲ್ಲಿರಬೇಕು, ಎಲ್ಲಾ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ನಾಟಿ ನಾಯಿ ಅಂತಲೂ ಫೋಟೋ ಸಮೇತ ಮುಂಚೆಯೇ ಹೇಳಿ. ಬೇಡ ಅನ್ನೋರು ಅಲ್ಲೇ ಬೇಡ ಅನ್ನಲಿ.

ಅಲ್ಲಿಂದ ಸುಂಟಿಕೊಪ್ಪ ಹತ್ತಿರದ ಒಂದು ತೋಟದ ಹೋಂಸ್ಟೇಗೆ ಹೋದೆವು. ಒಂದು ರಾತ್ರಿಗೆ ಬುಕ್ ಮಾಡಿದ್ದು, ಎರಡು ರಾತ್ರಿ ಇದ್ದೆವು. ಇಬ್ಬರಿಗೂ ಊಟ ಸೇರಿ ದಿನಕ್ಕೆ 2,800, ನಾಯಿಗೆ ಏನೂ ಇಲ್ಲ. ಬಿಸಿನೀರಿಗೆ ಒಲೆ ಉರಿಸಬೇಕು, ಮಂಚ ಮಗ್ಗುಲಾದರೆ ಕಿರುಗುಟ್ಟುತ್ತೆ, ನನಗೆ ಅದೆಲ್ಲಾ ಲೆಕ್ಕಕ್ಕಿಲ್ಲ, ನಿಮಗೆ ಲೆಕ್ಕ ಇದ್ದರೆ ಬೇರೆ ನೋಡಿಕೊಳ್ಳಿ. ಆ ಮನೆಯ ಆಂಟಿ ಫೋನಿನಲ್ಲಿ ಕೇಳಿದ ಪ್ರಶ್ನೆಗಳೇ ಬೇರೆ. "ಬೇರೆ ನಾಯಿ ಜೊತೆ ಹೊಂದುತ್ತಾ? ನಮ್ಮಲ್ಲಿ ಎರಡಿವೆ. ಕೋಳಿ ಹಿಂದೆ ಓಡುತ್ತಾ? ಇಂಜೆಕ್ಷನ್ ಎಲ್ಲಾ ಆಗಿದೆಯಾ?" ಬ್ರೀಡ್ ಕೇಳಲೇ ಇಲ್ಲ. ಕೋಳಿ ಹಿಂದೆ ಓಡಲ್ಲ ಅಂತ ನಾನು ಧೈರ್ಯವಾಗಿ ಹೇಳಿಬಿಟ್ಟಿದ್ದೆ. ನಮ್ಮ ಬೀದಿಯಲ್ಲಿ ಕೋಳಿಯೇ ಇಲ್ಲ, ನನಗೇನು ಗೊತ್ತು? ಬಂದು ಹತ್ತು ನಿಮಿಷಕ್ಕೆ ಒಂದು ಹುಂಜದ ಬಾಲ ಬೆಲ್ಲಳ ಬಾಯಲ್ಲಿತ್ತು. ಹುಂಜ ಬದುಕಿತು, ಗರಿ ಮಾತ್ರ ಹೋಯಿತು. "ಬಾಲ ಮತ್ತೆ ಬರುತ್ತೆ ಬಿಡಮ್ಮ, ಹಗ್ಗ ಹಾಕು" ಅಂದರು ಆಂಟಿ, ಅಷ್ಟೇ. ಅವರು ಗಟ್ಟಿಯಾಗಿ ಹೇಳಿದ್ದು ಒಂದೇ: ಕತ್ತಲಾದ ಮೇಲೆ ನಾಯಿ ಅಂಗಳದಲ್ಲಿ ಇರಬಾರದು, ಮೂತ್ರಕ್ಕೆ ಬಿಡೋದಾದರೂ ಹಗ್ಗ ಹಿಡಿದು, ಲೈಟ್ ಹಾಕಿಕೊಂಡು. ಮಲೆನಾಡು, ಕೊಡಗಿನ ಕಡೆ ತೋಟದ ಮನೆಯ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗೋದು ಹೊಸ ವಿಷಯ ಅಲ್ಲ. ರಾತ್ರಿ ಹೊರಗಿನ ಗೂಡಲ್ಲಿ ಕಟ್ಟಿ ಅನ್ನೋ ರೆಸಾರ್ಟಿನವರಿಗೆ ಇದನ್ನು ಕೇಳಿ ನೋಡಿ.

ಸುತ್ತಾಟದ ಬಗ್ಗೆ ಜಾಸ್ತಿ ಹೇಳೋಕಿಲ್ಲ. ರಾಜಾಸೀಟಿಗೆ ಹೋಗಲಿಲ್ಲ, ಶನಿವಾರ ಸಂಜೆ ಅಲ್ಲಿ ಮನುಷ್ಯರಿಗೇ ಕಾಲಿಡೋಕೆ ಜಾಗ ಇರಲ್ಲ. ಬೈಲುಕುಪ್ಪೆಯ ಬೌದ್ಧ ಮಂದಿರಕ್ಕೆ ಒಬ್ಬರು ಹೊರಗೆ ನಾಯಿ ಹಿಡಿದುಕೊಂಡು ಇನ್ನೊಬ್ಬರು ಒಳಗೆ, ಹೀಗೆ ಸರದಿಯಲ್ಲಿ ನೋಡಿದೆವು. ದುಬಾರೆಗೆ ನಾಯಿ ಜೊತೆ ಹೋಗಬೇಡಿ, ಆನೆ ಇರೋ ಕಡೆ ನಾಯಿಗೆ ಏನು ಕೆಲಸ?

ಆದರೆ ಊಟ. ಹೋಂಸ್ಟೇಯಿಂದ ಕುಶಾಲನಗರದ ರಸ್ತೆಗೆ ಬಂದು ಕಾಲು ಗಂಟೆ ನಡೆದರೆ ಎಡಗಡೆ ತಗಡು ಶೀಟಿನ ಒಂದು ಹೋಟೆಲ್. ಬೋರ್ಡ್ ಇಲ್ಲ. ಒಳಗೆ ಮೂರು ಟೇಬಲ್, ಹೊರಗೆ ಹಲಸಿನ ಮರದ ಕೆಳಗೆ ಒಂದು ಬೆಂಚು. ನಾವು ಹೊರಗೇ ನಿಂತು "ನಾಯಿ ಇದೆ ಅಣ್ಣ, ಪಾರ್ಸಲ್ ಕೊಡಿ" ಅಂದೆವು. "ನಾಯಿ ಇದ್ರೆ ಏನು, ಕೂತ್ಕೊಳ್ಳಿ" ಅಂತ ಬೆಂಚು ಒರೆಸಿದರು. ಕಡಂಬುಟ್ಟು ಅಂದರೆ ಅಕ್ಕಿ ತರಿಯ ಉಂಡೆ ಕಡುಬು, ಮುರಿದರೆ ಹಬೆ ಬರಬೇಕು, ಬಂತು. ಜೊತೆಗೆ ಪಂದಿ ಕರಿ ಅಂದರೆ ಹಂದಿ ಮಾಂಸದ ಸಾರು, ಕಾಚಂಪುಳಿ ಅನ್ನೋ ಕೊಡಗಿನ ಕಪ್ಪು ಹುಳಿ ಹಾಕಿ ಕಪ್ಪಗಾಗಿದ್ದು, ಹುಳಿ ನಾಲಿಗೆಗೆ ಕೊನೆಯಲ್ಲಿ ತಾಗುತ್ತೆ. ನಮ್ಮವರು ಮಾಂಸ ತಿನ್ನಲ್ಲ, ಅವರಿಗೆ ಅಕ್ಕಿ ರೊಟ್ಟಿ ಮತ್ತು ಕುಂಬಳಕಾಯಿ ಕರಿ. ರೊಟ್ಟಿ ಎಷ್ಟು ತಿಂದರು ಅಂತ ಎಣಿಸೋದು ಬಿಟ್ಟೆ. ಬೆಲ್ಲ ಬೆಂಚಿನ ಕೆಳಗೆ ಮೂಗು ಮಾತ್ರ ಹೊರಗಿಟ್ಟು ಮಲಗಿದ್ದಳು. ಆ ಅಣ್ಣ "ಇವಳಿಗೆ ಏನು ಕೊಡ್ಲಿ?" ಅಂತ ನಮ್ಮನ್ನು ಕೇಳಿಯೇ, ಉಪ್ಪಿಲ್ಲದ ಅನ್ನ, ಬೇಯಿಸಿದ ಮೊಟ್ಟೆ ಬಾಳೆಲೆ ಮೇಲೆ ಇಟ್ಟರು. ಪಂದಿ ಮೂಳೆ ಹಾಕಬೇಡಿ, ಬೆಂದ ಮೂಳೆ ಸಿಬಿರಾಗಿ ನಾಯಿ ಗಂಟಲು, ಕರುಳಿಗೆ ಚುಚ್ಚುತ್ತೆ.

ಊಟ ಆದಮೇಲೆ ಕಾಫಿ ಹೇಳಿದೆವು. ಅಷ್ಟರಲ್ಲಿ ರಸ್ತೆಯಲ್ಲಿ ದನ ಹೋಯಿತು, ಇವಳು ಎದ್ದಳು, ನಾನು "ಬೆಲ್ಲಾ! ಬೆಲ್ಲಾ!" ಅಂತ ಕಿರುಚಿದೆ. ಒಳಗಿಂದ ಉತ್ತರ: "ಬೆಲ್ಲನೇ ಹಾಕ್ತಿರೋದು ಮೇಡಂ, ಸಕ್ಕರೆ ಹಾಕಲ್ಲ!" ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಎರಡು ದಿನವೂ ಅಲ್ಲೇ ಕಾಫಿ.

ಇಬ್ಬರ ಊಟ, ಕಾಫಿ ಸೇರಿ 260 ರೂಪಾಯಿ. ಮೊಟ್ಟೆಗೆ ದುಡ್ಡು ತಗೊಳ್ಳಲಿಲ್ಲ. ಮಧ್ಯಾಹ್ನ ಎರಡರ ಒಳಗೆ ಹೋಗಿ, ಆಮೇಲೆ ಕಡಂಬುಟ್ಟು ಉಳಿದಿರಲ್ಲ. ಗೋಡೆಗೆ ಯುಪಿಐ ಸ್ಕ್ಯಾನರ್ ಅಂಟಿಸಿದ್ದಾರೆ ಆದರೆ ಅಲ್ಲಿ ನೆಟ್‌ವರ್ಕ್ ಬರಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಎದುರು ಮನೆಯಲ್ಲಿ ಒಂದು ಬಿಳಿ ಬೆಕ್ಕಿದೆ, ಹಗ್ಗ ಬಿಗಿಯಾಗಿ ಹಿಡಿದಿರಿ.