ಹಸಿರು-ಹಳದಿ ಟೋಪಿ

ವಿಸ್ಕಾನ್ಸಿನ್ ರಾಜ್ಯದಲ್ಲಿ ಡಿಸೆಂಬರ್ ಬಂತೆಂದರೆ ಉಣ್ಣೆಯ ಟೋಪಿಯಿಲ್ಲದೆ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಆ ಟೋಪಿಯ ಬಣ್ಣ ಯಾವುದಿರಬೇಕೆಂಬುದೂ ಬಹುಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತದೆ. ಗ್ರೀನ್ ಬೇ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕಡುಹಸಿರು ಮತ್ತು ಹೊನ್ನಿನ ಹಳದಿ ಇಲ್ಲಿ ಮನೆಯ ಬಾಗಿಲು, ಕಾರಿನ ಕನ್ನಡಿ, ಕೂಸಿನ ಕಾಲುಚೀಲ, ಎಲ್ಲದರ ಮೇಲೂ ಕಾಣಸಿಗುತ್ತವೆ. ಗ್ರೀನ್ ಬೇ ನಗರದಲ್ಲಿರುವುದು ಒಂದು ಲಕ್ಷಕ್ಕಿಂತ ತುಸು ಹೆಚ್ಚು ಜನ. 1919ರಲ್ಲಿ ಹುಟ್ಟಿದ ಈ ತಂಡಕ್ಕೆ ಒಬ್ಬ ಧಣಿಯೆಂಬುವನಿಲ್ಲ. ಐದು ಲಕ್ಷಕ್ಕೂ ಹೆಚ್ಚು ಮಂದಿ ಸಾಮಾನ್ಯರು ಅದರ ಷೇರುದಾರರು. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಅದನ್ನು ಮಾರಿ ಲಾಭ ಮಾಡಿಕೊಳ್ಳುವಂತೆಯೂ ಇಲ್ಲ, ಆದರೂ ಜನ ಅದನ್ನು ಕೊಂಡು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಇಂತಹ ಊರಿನ ಹತ್ತಿರ ಬೆಳೆದ ನನ್ನ ಮಗಳು, ತಾನು ಮೊದಲ ಬಾರಿಗೆ ಆ ತಂಡದ ಮೈದಾನವಾದ ಲ್ಯಾಂಬೋ ಫೀಲ್ಡ್‌ನಲ್ಲಿ ಆಟ ನೋಡಲು ಹೋಗುವಾಗ ಅಂಗಡಿಯ ಟೋಪಿಯನ್ನಲ್ಲ, ಅಮ್ಮ ಹೆಣೆದ ಟೋಪಿಯನ್ನೇ ಹಾಕಿಕೊಳ್ಳುತ್ತೇನೆಂದು ಹಟ ಹಿಡಿದಾಗ ನನಗೆ ಒಳಗೊಳಗೇ ಸಂತೋಷವೇ ಆಯಿತು.

ಹೆಣಿಗೆ ನನಗೆ ಹೊಸದಲ್ಲ. ಚಿಕ್ಕಮಗಳೂರಿನಲ್ಲಿ ಚಿಕ್ಕಮ್ಮನ ಪಕ್ಕದಲ್ಲಿ ಕುಳಿತು ಸೀದಾ, ಉಲ್ಟಾ ಕುಣಿಕೆ ಹಾಕಲು ಕಲಿತವಳು ನಾನು. ಕುಲಾವಿ, ತೋಳಿಲ್ಲದ ಸ್ವೆಟರು ಎಷ್ಟೋ ಹೆಣೆದಿದ್ದೇನೆ. ಆದರೆ ಒಂದೇ ಸಾಲಿನಲ್ಲಿ ಎರಡು ಬಣ್ಣದ ದಾರಗಳನ್ನು ಒಟ್ಟಿಗೆ ಒಯ್ಯುವ ಹೆಣಿಗೆ ನಮ್ಮ ಮನೆಯಲ್ಲಿ ಇರಲಿಲ್ಲ. ಅದು ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಹೆಸರಾದ ಕಸಬು. ಅಲ್ಲಿನ ಫೇರ್ ಐಲ್ ಎಂಬ ಪುಟ್ಟ ದ್ವೀಪದ ಹೆಸರೇ ಆ ಶೈಲಿಗೂ ಅಂಟಿಕೊಂಡಿದೆ. ಒಂದು ಬಣ್ಣದ ಕುಣಿಕೆಗಳು ಮುಂದೆ ಕಾಣುವಾಗ ಇನ್ನೊಂದು ಬಣ್ಣದ ಎಳೆ ಬಟ್ಟೆಯ ಹಿಂದೆ ಸುಮ್ಮನೆ ಹಾದುಹೋಗುತ್ತದೆ. ಹೀಗೆ ಹಿಂದೆ ಹಾಯುವ ಎಳೆಗಳಿಂದ ಟೋಪಿಗೆ ಎರಡು ಪದರದ ದಪ್ಪ ಬರುವುದರಿಂದ ಅದು ಒಂದೇ ಬಣ್ಣದ ಟೋಪಿಗಿಂತ ಹೆಚ್ಚು ಬೆಚ್ಚಗಿರುತ್ತದೆ. ಈ ಊರಿಗೆ ಹೇಳಿ ಮಾಡಿಸಿದ ಹೆಣಿಗೆಯೆಂದೇ ನನಗೆ ಅನ್ನಿಸಿತು.

ಬಣ್ಣಗಳ ವಿಷಯದಲ್ಲಿ ಪ್ಯಾಕರ್ಸ್ ಅಭಿಮಾನಿಗಳು ಅದೃಷ್ಟವಂತರು. ಎರಡು ಬಣ್ಣಗಳು ಹೊಂದುತ್ತವೆಯೇ ಎಂದು ತಿಳಿಯಲು ಉಂಡೆಗಳನ್ನು ಅಕ್ಕಪಕ್ಕ ಇಟ್ಟು ಕಪ್ಪು-ಬಿಳುಪಿನಲ್ಲಿ ಫೋಟೋ ತೆಗೆದು ನೋಡಬೇಕು. ಎರಡೂ ಒಂದೇ ಬೂದಿಬಣ್ಣವಾಗಿ ಕಂಡರೆ ಚಿತ್ತಾರ ಕಣ್ಣಿಗೆ ಹತ್ತುವುದಿಲ್ಲ. ಕಡುಹಸಿರು ಕಪ್ಪಾಗಿ, ಹಳದಿ ಬೆಳ್ಳಗೆ ಬಂದವು. ಮೊದಲ ದಶಕಗಳಲ್ಲಿ ಈ ತಂಡದ ಬಣ್ಣ ಕಡುನೀಲಿ ಮತ್ತು ಹಳದಿಯಾಗಿತ್ತು. ಸ್ಥಾಪಕ ಕರ್ಲಿ ಲ್ಯಾಂಬೋ ತಾನು ಓದಿದ ನೋಟರ್ ಡೇಮ್ ವಿಶ್ವವಿದ್ಯಾಲಯದ ಬಣ್ಣಗಳನ್ನೇ ತಂದಿದ್ದ. ಆ ಜೋಡಿಯಲ್ಲೂ ಟೋಪಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಈಗ ಇಲ್ಲಿ ನೀಲಿ ಹಾಕಿಕೊಂಡು ಹೋದವಳನ್ನು ಎದುರಾಳಿ ಷಿಕಾಗೊ ತಂಡದ ಕಡೆಯವಳೆಂದುಕೊಂಡಾರು. ದಾರ ಕೊಳ್ಳುವಾಗ ಎರಡೂ ಬಣ್ಣಗಳಲ್ಲಿ ಒಂದೇ ಬ್ಯಾಚಿನ ಉಂಡೆಗಳನ್ನು ಆರಿಸಿಕೊಂಡೆ. ಲೇಬಲ್ಲಿನ ಬ್ಯಾಚ್ ಸಂಖ್ಯೆ ಬೇರೆಯಾದರೆ ಹಸಿರು ಹಸಿರಿಗೇ ಹೊಂದದೆ ನಡುವೆ ಗೆರೆ ಎದ್ದು ಕಾಣುತ್ತದೆ.

ನಮ್ಮಿಬ್ಬರ ಜಗಳ ಶುರುವಾದದ್ದು ಚಿತ್ತಾರದ ಮೇಲೆ. ತಂಡದ ಲಾಂಛನ ಇಂಗ್ಲಿಷಿನ ‘ಜಿ’ ಅಕ್ಷರ. “ಅಮ್ಮಾ, ಮುಂದೆ ದೊಡ್ಡದಾಗಿ ‘ಜಿ’ ಇರಲೇಬೇಕು, ಇಲ್ಲದಿದ್ದರೆ ಅದು ಯಾವ ಟೀಮಿನ ಟೋಪಿ ಅಂತ ಯಾರಿಗೆ ಗೊತ್ತಾಗುತ್ತೆ?” ಎಂದು ಅವಳ ವಾದ. ನನಗೆ ಅದು ಒಪ್ಪಿಗೆಯಾಗಲಿಲ್ಲ. ದುಂಡಗೆ ಸುತ್ತು ಹೆಣೆಯುವ ಟೋಪಿಯಲ್ಲಿ ಹಣೆಯ ಮೇಲೆ ಮಾತ್ರ ಒಂದು ಅಕ್ಷರ ಬೇಕೆಂದರೆ, ಹಳದಿ ಎಳೆಯನ್ನು ತಲೆಯ ಹಿಂಭಾಗವೆಲ್ಲ ಕೆಲಸವಿಲ್ಲದೆ ಸುತ್ತಿಸಿಕೊಂಡು ಬರಬೇಕು. ಐದು ಕುಣಿಕೆಗಿಂತ, ಅಂದರೆ ಸುಮಾರು ಒಂದು ಅಂಗುಲಕ್ಕಿಂತ ಉದ್ದದ ಸಡಿಲ ಎಳೆ ಹಿಂದೆ ಉಳಿದರೆ ಟೋಪಿ ಹಾಕುವಾಗ ಬೆರಳೋ ಕಿವಿಯೋಲೆಯೋ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಅಲ್ಲದೆ, ಹಸಿರು-ಹಳದಿ ಹಾಕಿಕೊಂಡು ಈ ರಾಜ್ಯದಲ್ಲಿ ನಡೆದವಳ ತಂಡ ಯಾವುದೆಂದು ಯಾರೂ ಕೇಳುವುದಿಲ್ಲ. ಅಕ್ಷರ ಬೇಕಾಗುವುದು ಬಣ್ಣದ ಮೇಲೆ ನಂಬಿಕೆಯಿಲ್ಲದವರಿಗೆ. ನಾನು ಚೌಕುಳಿ ಕಾಗದ ತೆಗೆದುಕೊಂಡು ಎರಡೂ ತುದಿ ಚೂಪಾದ ಆ ಆಟದ ಚೆಂಡನ್ನೇ ಬರೆದೆ.

ಕೆಳಗಿನಿಂದ ಮೇಲಕ್ಕೆ ಮೂರು, ಐದು, ಏಳು, ಐದು, ಮೂರು ಹಳದಿ ಕುಣಿಕೆಗಳು: ಐದು ಸಾಲಿಗೆ ಒಂದು ಚೆಂಡು. ಹತ್ತು ಕುಣಿಕೆಗೊಂದರಂತೆ, ನೂರು ಕುಣಿಕೆಯ ಟೋಪಿಯ ಸುತ್ತ ಹತ್ತು ಚೆಂಡುಗಳು. ಅಂಗುಲಕ್ಕೆ ಐದು ಕುಣಿಕೆ ಬೀಳುವ ದಾರದಲ್ಲಿ ನೂರೆಂದರೆ ಇಪ್ಪತ್ತು ಅಂಗುಲ. ಇಪ್ಪತ್ತೆರಡು ಅಂಗುಲದ ತಲೆಗೆ ಎಳೆದು ಕೂರಲು ಅದು ಸರಿಯಾದ ಅಳತೆ. ಹೆಣಿಗೆಯ ಕುಣಿಕೆಗೆ ಎತ್ತರಕ್ಕಿಂತ ಅಗಲ ತುಸು ಹೆಚ್ಚು. ಅಕ್ಷರ ಬರೆಯುವವರಿಗೆ ತಲೆನೋವಾಗುವ ಈ ಗುಣ ಅಡ್ಡಗೆ ಮಲಗಿದ ಚೆಂಡಿಗೆ ಅನುಕೂಲವೇ ಆಯಿತು. ಏಳು ಹಳದಿಯ ನಡುಸಾಲಿನಲ್ಲಿ ಹಿಂದಿನ ಹಸಿರು ಎಳೆ ಉದ್ದವಾಗುತ್ತದಲ್ಲ ಎಂದು ಯೋಚಿಸುತ್ತಿರುವಾಗ ಚೆಂಡಿನ ಮೇಲಿನ ಹೊಲಿಗೆಯ ಗುರುತು ನೆನಪಿಗೆ ಬಂತು: ಎರಡು ಹಳದಿ, ಒಂದು ಹಸಿರು, ಒಂದು ಹಳದಿ, ಒಂದು ಹಸಿರು, ಎರಡು ಹಳದಿ. ಚೆಂಡಿಗೆ ದಾರದ ಹೊಲಿಗೆಯೂ ಬಂತು, ಹಿಂದಿನ ಉದ್ದ ಎಳೆಯೂ ತಪ್ಪಿತು. ತುದಿಯ ಸಾಲುಗಳಲ್ಲಿ ಮಾತ್ರ ಏಳು ಹಸಿರಿನ ಹಿಂದೆ ಹಾಯುವ ಹಳದಿಯನ್ನು ನಡುವೆ ಒಮ್ಮೆ ಹಸಿರಿನೊಂದಿಗೆ ಹೊರಳಿಸಿ ಸಿಕ್ಕಿಸಬೇಕಾಗಿತ್ತು. ಅದನ್ನೂ ಒಂದರ ನೇರಕ್ಕೆ ಇನ್ನೊಂದು ಬರದಂತೆ ಒಂದೊಂದು ಕುಣಿಕೆ ಸರಿಸಿ ಮಾಡಿದೆ.

ಹಳದಿ ದಾರ ಎಡಗೈಯಲ್ಲಿ, ಹಸಿರು ಬಲಗೈಯಲ್ಲಿ. ಎಡಗೈಯ ಎಳೆ ಹಿಂಬದಿಯಲ್ಲಿ ಕೆಳಗಿನಿಂದ ಹಾಯುವುದರಿಂದ ಅದರ ಕುಣಿಕೆಗಳು ಕೂದಲೆಳೆಯಷ್ಟು ದೊಡ್ಡದಾಗಿ ಮುಂದೆ ಎದ್ದು ಕಾಣುತ್ತವೆ, ಹೀಗಾಗಿ ಚಿತ್ತಾರದ ಬಣ್ಣ ಎಡಗೈಗೇ ಸೇರಬೇಕು. ನಡುವೆ ಕೈ ಬದಲಿಸಿದರೆ ಆ ಸುತ್ತಿನಿಂದ ಚೆಂಡುಗಳು ಮಂಕಾಗುತ್ತವೆ. ಅಂಚಿನ ಪಟ್ಟಿಯನ್ನು ಸಣ್ಣ ಕಡ್ಡಿಯಲ್ಲಿ ಎರಡು ಸೀದಾ, ಎರಡು ಉಲ್ಟಾ ಹೆಣೆದು, ಚಿತ್ತಾರಕ್ಕೆ ಬಂದಾಗ ದೊಡ್ಡ ಕಡ್ಡಿಗೆ ಬದಲಿಸಿಕೊಂಡೆ, ಏಕೆಂದರೆ ಎರಡೆಳೆಯ ಹೆಣಿಗೆ ತಾನಾಗಿಯೇ ಬಿಗಿಯುತ್ತದೆ. ನೆತ್ತಿಯಲ್ಲಿ ಹತ್ತು ಭಾಗ ಮಾಡಿ ಕುಣಿಕೆ ಕಡಿಮೆ ಮಾಡುತ್ತಾ ಬಂದು, ಕೊನೆಗೆ ಉಳಿದ ಹತ್ತರೊಳಗೆ ದಾರ ತೂರಿಸಿ ಎಳೆದದ್ದಾಯಿತು. ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಬೋರಲು ಹಾಕಿದ ಬೋಗುಣಿಯ ಮೇಲೆ ಒಣಗಿಸಿದಾಗ ಅಲ್ಲಲ್ಲಿ ಸುಕ್ಕಿದ್ದ ಚೆಂಡುಗಳೆಲ್ಲ ಒಂದೇ ಅಳತೆಗೆ ಬಂದವು.

ಆಟಕ್ಕೆ ನಮ್ಮನ್ನು ಕರೆದೊಯ್ದವರು ಪಕ್ಕದ ಮನೆಯ ಹಿರಿಯರು. ಅವರ ತಂದೆಯ ಕಾಲದಿಂದ ಬಂದ ಸೀಸನ್ ಟಿಕೆಟ್ ಅದು. ಹೊಸದಾಗಿ ಬೇಕೆಂದರೆ ಸರದಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಅವರು ಹೇಳಿದಂತೆ ಕಾಲಡಿಗೆ ಹಾಸಲು ರಟ್ಟಿನ ತುಂಡುಗಳನ್ನು ಒಯ್ದಿದ್ದೆವು, ಇಲ್ಲದಿದ್ದರೆ ಸಿಮೆಂಟಿನ ಥಂಡಿ ಬೂಟಿನೊಳಕ್ಕೆ ಏರುತ್ತದೆ. ಅಂದು ಸೊನ್ನೆಗಿಂತ ಹತ್ತು-ಹನ್ನೆರಡು ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಇದೊಂದು ಚಳಿಯೇ ಎಂಬಂತೆ ನಕ್ಕ ಅವರು, ತಮ್ಮ ತಂದೆ ನೋಡಿದ 1967ರ ಡಿಸೆಂಬರ್ 31ರ ‘ಐಸ್ ಬೌಲ್’ ಕಥೆ ತೆಗೆದರು. ಮೈನಸ್ 25 ಡಿಗ್ರಿಯಲ್ಲಿ ನಡೆದ ಆ ಆಟದಲ್ಲಿ ರೆಫರಿಗಳ ಸೀಟಿಗಳೇ ಹೆಪ್ಪುಗಟ್ಟಿ, ಅವರು ಬಾಯಲ್ಲಿ ಕೂಗಿ ಆಟ ನಿಲ್ಲಿಸಬೇಕಾಯಿತು. ಕೊನೆಯ ಕ್ಷಣಗಳಲ್ಲಿ ಪ್ಯಾಕರ್ಸ್ ಆಟಗಾರ ಬಾರ್ಟ್ ಸ್ಟಾರ್ ಚೆಂಡು ಹಿಡಿದು ತಾನೇ ನುಗ್ಗಿ ತನ್ನ ತಂಡವನ್ನು ಡಲ್ಲಾಸ್ ತಂಡದ ಮೇಲೆ 21-17ರಿಂದ ಗೆಲ್ಲಿಸಿದ. ಸುತ್ತಲೂ ನೋಡಿದರೆ ಹಸಿರು-ಹಳದಿಯ ಜೊತೆಗೆ ಜಿಂಕೆ ಬೇಟೆಯ ಕಿತ್ತಳೆ ಟೋಪಿಗಳೂ, ಚೀಸ್ ತುಂಡಿನಾಕಾರದ ಸ್ಪಂಜಿನ ಟೋಪಿಗಳೂ ಧಾರಾಳವಾಗಿದ್ದವು. ಅವುಗಳ ನಡುವೆ ಮಗಳ ಟೋಪಿ ಗೌರವಸ್ಥ ಕುಟುಂಬದಿಂದ ಬಂದಂತಿತ್ತೆಂದು ಹೇಳಿದರೆ ಅದು ಹೆಣೆದವಳ ಪಕ್ಷಪಾತ. ಗಾಳಿ ಬೀಸಿದೊಡನೆ ಅವಳು ಜಾಕೆಟ್ಟಿನ ಕುಲಾವಿಯನ್ನು ಅದರ ಮೇಲೆ ಎಳೆದುಕೊಂಡಳು; ಹತ್ತು ಚೆಂಡುಗಳಲ್ಲಿ ಹಣೆಯ ಮೇಲಿನ ಎರಡು ಮಾತ್ರ ಹೊರಗುಳಿದವು.

ಆ ಎರಡನ್ನೇ ನೋಡಿದ ಹಿರಿಯರು ಅರ್ಧವಿರಾಮದಲ್ಲಿ ಟೋಪಿಯನ್ನು ಕೇಳಿ ತೆಗೆದುಕೊಂಡು, ಒಳಗನ್ನು ಹೊರಗೆ ಮಾಡಿ ಹಿಂಬದಿಯ ಎಳೆಗಳನ್ನು ಕೈಗವಸು ಕಳಚಿ ಮುಟ್ಟಿ ನೋಡಿದರು. ತಮಗೂ ಒಂದು ಹೆಣೆದುಕೊಡಬಹುದೇ ಎಂದು ವಿನಯದಿಂದಲೇ ಕೇಳಿದರು. ಸಂತೋಷವಾಗಿ ಒಪ್ಪಿಕೊಂಡೆ. ಹಾಗಾದರೆ ಮುಂದುಗಡೆ ದೊಡ್ಡದಾಗಿ ಒಂದು ‘ಜಿ’ ಇರಲಿ ಎಂದರು. ಮಗಳು ನನ್ನ ಕಡೆಗೆ ತಿರುಗಿಯೂ ನೋಡದೆ ಮೈದಾನವನ್ನೇ ದಿಟ್ಟಿಸುತ್ತಾ ನಗುತ್ತಿದ್ದಳು. ಅವರ ಟೋಪಿಯನ್ನು ಅಪ್ಪಟ ಹಸಿರಿನಲ್ಲಿ ಹೆಣೆದು, ಅಕ್ಷರವನ್ನು ಆಮೇಲೆ ಸೂಜಿಯಲ್ಲಿ ಕುಣಿಕೆಗಳ ಮೇಲೆಯೇ ಹಳದಿ ದಾರ ಓಡಿಸಿ ಕಸೂತಿಯಂತೆ ತುಂಬುವುದೆಂದು ನಿರ್ಧರಿಸಿದ್ದೇನೆ. ಹಳದಿ ಅರ್ಧ ಉಂಡೆ ಉಳಿದಿದೆ, ಹಸಿರನ್ನು ಹೊಸದಾಗಿ ತರಬೇಕು.