ಉಯುನಿಗೆ ಹೋಗುವವರು ಪೊಟೊಸಿಯಲ್ಲಿ ಇಳಿಯಿರಿ

ಬೊಲಿವಿಯಾಕ್ಕೆ ಹೋದವರು ಉಯುನಿಯ ಉಪ್ಪಿನ ಬಯಲನ್ನು ನೋಡದೆ ಬರುವುದಿಲ್ಲ. ದಾರಿಯಲ್ಲಿ ಸಿಗುವ ಹಳೆಯ ಬೆಳ್ಳಿ ಗಣಿಯ ಊರು ಪೊಟೊಸಿಯಲ್ಲಾದರೆ ಬಸ್ ಬದಲಿಸಿ ಮುಂದೆ ಹೊರಟುಬಿಡುತ್ತಾರೆ. ಎರಡು ರಾತ್ರಿಯಾದರೂ ಅಲ್ಲಿ ತಂಗಿ. ಸ್ಪೇನಿನ ಸಾಮ್ರಾಜ್ಯದ ಸಿರಿಗೆ ಯಾರು ಬೆವರು, ಪ್ರಾಣ ತೆತ್ತರು ಎಂಬುದು ಕಣ್ಣಿಗೆ ಕಾಣುವ ಊರು ಅದು.

ಊರಿರುವುದು ಸುಮಾರು 4,000 ಮೀಟರ್ ಎತ್ತರದಲ್ಲಿ. ಮೊದಲು 2,800 ಮೀಟರ್ ಎತ್ತರದ ಸುಕ್ರೆ ನಗರದಲ್ಲಿ ಕೆಲವು ದಿನ ಇದ್ದು ಮೈ ಒಗ್ಗಿಸಿಕೊಳ್ಳಿ. ಅಲ್ಲಿಂದ ಬಸ್ಸಿನಲ್ಲಿ ಮೂರ್ನಾಲ್ಕು ಗಂಟೆಯ ದಾರಿ.

ಮೊದಲು ಹಳೆಯ ಟಂಕಸಾಲೆ ನೋಡಿ, ಊರಿನ ಬೆಳ್ಳಿ ಗಣಿಯ ಬೆಟ್ಟ ಸೆರ್ರೊ ರೀಕೊ ಆಮೇಲೆ. ಕಲ್ಲಿನ ಕಟ್ಟಡ, ಒಳಗೆ ಕೊರೆಯುವ ಚಳಿ, ಸ್ವೆಟರ್ ಇರಲಿ. ಬೆಳ್ಳಿಯನ್ನು ತಗಡು ಮಾಡುತ್ತಿದ್ದ ದೈತ್ಯ ಮರದ ಯಂತ್ರಗಳು ಇನ್ನೂ ಇವೆ. ಅವನ್ನು ತಿರುಗಿಸಲು ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳು ಗಾಣದೆತ್ತುಗಳಂತೆ ಸುತ್ತುತ್ತಿದ್ದವು. ಇಲ್ಲಿಯ ಬೆಳ್ಳಿ ಯುರೋಪ್ ದಾಟಿ ಸೂರತ್ತಿನ ಬಂದರಿಗೂ ಬಂದು ಮೊಗಲರ ರೂಪಾಯಿಯಾಗಿದೆ.

ಅಲ್ಲಿರುವ ‘ಬೆಟ್ಟದ ಕನ್ಯೆ’ ಎಂಬ ವರ್ಣಚಿತ್ರದ ಮುಂದೆ ಅವಸರ ಮಾಡಬೇಡಿ. ಯೇಸುವಿನ ತಾಯಿ ಮೇರಿಯ ನಿಲುವಂಗಿಯೇ ಸೆರ್ರೊ ರೀಕೊ ಬೆಟ್ಟ. ಮುಖ, ಕೈಗಳು ಮಾತ್ರ ಅದರಿಂದ ಹೊರಚಾಚಿವೆ. ಇಕ್ಕೆಲದಲ್ಲಿ ಸೂರ್ಯ, ಚಂದ್ರ. ಬುಡದಲ್ಲಿ ಪೋಪ್, ದೊರೆ ಕೈಮುಗಿದಿದ್ದಾರೆ. ನನಗಂತೂ ಅದರಲ್ಲಿ ಮೇರಿಗಿಂತ ಮೊದಲು ಕಂಡವಳು ಆಂಡಿಸ್ ಜನರ ಭೂತಾಯಿ ಪಚಮಾಮಾ.

ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿದ್ದು 1545ರಲ್ಲಿ. ಸರದಿಯ ಮೇಲೆ ದುಡಿಯುವ ‘ಮಿತಾ’ ಪದ್ಧತಿ ಸ್ಪೇನಿನವರಿಗಿಂತ ಮೊದಲು ಆಳಿದ ಇಂಕಾಗಳ ಕಾಲದಲ್ಲೇ ಇತ್ತು. 1570ರ ದಶಕದಲ್ಲಿ ಸ್ಪೇನಿನ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ಅದನ್ನೇ ಗಣಿಯ ಬಲವಂತದ ದುಡಿಮೆಯಾಗಿಸಿದ. ಗೊತ್ತುಪಡಿಸಿದ ಪ್ರಾಂತ್ಯಗಳಿಂದ ಏಳು ಗಂಡಸರಿಗೆ ಒಬ್ಬರಂತೆ, ವರ್ಷಕ್ಕೆ ಸುಮಾರು 13,000 ಮಂದಿ ಬರಬೇಕಿತ್ತು. ಟಿಟಿಕಾಕಾ ಸರೋವರದ ಕಡೆಯವರು ಹೆಂಡತಿ ಮಕ್ಕಳು, ಹೊರೆ ಹೊರುವ ಲಾಮಾ ಪ್ರಾಣಿಗಳೊಂದಿಗೆ ವಾರಗಟ್ಟಲೆ ನಡೆದು ಬರುತ್ತಿದ್ದರು. ಅದಿರು ಹೊತ್ತು ಏಣಿ ಹತ್ತುವಾಗ ಬಿದ್ದವರೆಷ್ಟೋ, ಅದಿರಿನ ದೂಳಿಗೆ, ಬೆಳ್ಳಿ ಬೇರ್ಪಡಿಸಲು ಬಳಸುತ್ತಿದ್ದ ಪಾದರಸದ ವಿಷಕ್ಕೆ ಬಲಿಯಾದವರೆಷ್ಟೋ. ಆ ಪದ್ಧತಿ ಕಾನೂನಿನಲ್ಲಿ ರದ್ದಾದದ್ದು 1812ರಲ್ಲಿ.

ಗಣಿಯೊಳಗೆ ಇಂದಿಗೂ ಜನ ದುಡಿಯುತ್ತಾರೆ. ದೂಳೂ ಇದೆ, ಕುಸಿತದ ಭಯವೂ ಇದೆ. ಉಬ್ಬಸ, ಹೃದಯದ ತೊಂದರೆ ಇರುವವರು ಒಳಗೆ ಹೋಗಲೇಬೇಡಿ. ಹೋಗುವವರು ಹಿಂದೆ ಗಣಿಯಲ್ಲಿ ದುಡಿದ ಮಾರ್ಗದರ್ಶಿಯನ್ನೇ ಹುಡುಕಿ, ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡಿ. ಕಾರ್ಮಿಕರಿಗೆ ಅವರು ಅಗಿಯುವ ಕೋಕಾ ಎಲೆ (ಕೊಕೇನಿನ ಮೂಲ ಇದೇ), ತಂಪು ಪಾನೀಯ ಒಯ್ಯುವುದು ರೂಢಿ; ಎರಡೂ ಗಣಿಗಾರರ ಸಂತೆಯಲ್ಲಿ ಸಿಗುತ್ತವೆ. ಮಿಕ್ಕ ಎಲೆಯನ್ನು ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ, ಭಾರತಕ್ಕೆ ತಂದರೆ ಅದು ಅಪರಾಧ.